ಡೊಂಬಿವಲಿಯಿಂದ ಬಂದ ಏಳನೆಯ ಪಾತ್ರೆ

"ಇದ್ದಿಲಾ?"

ಜಲಜಾಕ್ಷಿ ಸೀಟಿನಲ್ಲಿ ಪೂರ್ತಿ ತಿರುಗಿ ಕೂತಳು. "ಎಂಥ ಮಾರಾಯ್ತಿ ನೀನು! ಥಾಣೆಯಿಂದ ಇಲ್ಲಿವರೆಗೆ ಬದನೆಕಾಯಿಯ ಜಾತಕ ಎಲ್ಲ ಹೇಳಿದಿ. ಇದ್ದಿಲಿನ ಸುದ್ದಿ ಈಗ ತೆಗೀತಿದ್ದೀಯಲ್ಲ!"

ಎದುರಿಗೆ ಕೂತಿದ್ದ ಭೀಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅದರಾಗ ಹೇಳೂದೇನದರಿ ಅಕ್ಕಾರ? ಎಣ್ಣಿಂದು, ಕರದದ್ದು ಮನಿ ಬಿಟ್ಟು ಹೊರಗ ಹೊಂಟ್ರ ಮ್ಯಾಲೊಂದು ಇದ್ಲಿ, ಒಂದು ಒಣಮೆಣಸಿನಕಾಯಿ ಇಡೂದೇ ಅಲ್ರಿ. ಗಾಳಿ ಗೀಳಿ ಬೆನ್ನ ಹತ್ತಬಾರ್ದು ಅಂತ."

"ಗ್ಯಾಸ್ ಒಲೆಯವಳಿಗೆ ಇದ್ದಿಲು ಎಲ್ಲಿಂದ ಬಂತು?"

"ಇಸ್ತ್ರಿ ಯಂಕಣ್ಣನ ಹಂತ್ಯಾಕ ಇಸ್ಕೊಂಡೆ. ಅರಿವಿ ಗಂಟ ಕಟ್ಟಿ, ಸಂದ್ಯಾಗ ಇದ್ಲಿ ತುರುಕಿ, ಮ್ಯಾಲ ಮತ್ತೊಂದು ಗಂಟ ಬಿಗದೀನ್ರಿ. ಬಿಚ್ಚದೆ ಅದನ್ನ ತಗ್ಯಾಕ ಬರಂಗಿಲ್ಲ."

ಬಿಚ್ಚದೆ ತೆಗೆಯಲಿಕ್ಕೆ ಬರುವುದಿಲ್ಲ! ಜಲಜಾಕ್ಷಿಗೆ ಕೂತಲ್ಲಿ ಕೂರಲಾಗಲಿಲ್ಲ. ಪನವೇಲ್ ಲೋಕಲ್ಲು ಐರೋಲಿ ದಾಟಿ, ರಬಾಲೆಯ ಕಾರ್ಖಾನೆಗಳ ಬೆನ್ನು ಹಿಡಿದು ಓಡುತ್ತಿತ್ತು. ಗಂಟೆ ಮೂರೂಕಾಲು. ಐದಕ್ಕೆ ಖಾರಘರದ ಪೊಲೀಸ್ ಸ್ಟೇಷನ್ನಿನಲ್ಲಿ ದೂರು ದಾಖಲಾಗುತ್ತದೆ. ದೂರಿನಲ್ಲಿ ಇರುವುದು ಒಂದೇ ಹೆಸರು, ಎದುರಿಗೆ ಕೂತವಳದ್ದು.

ಭಾನುವಾರ ಮಧ್ಯಾಹ್ನ ಖಾರಘರದ ಕ್ಲಬ್‌ಹೌಸಿನಲ್ಲಿ ಕನ್ನಡ ಮಹಿಳಾ ಮಂಡಳಿಯ ಪಾಟ್‌ಲಕ್ ಊಟವಾಗಿ, ಸಂಜೆಯೊಳಗೆ ಹನ್ನೊಂದು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದರು. ಹನ್ನೊಂದೂ ಜನ ತಿಂದಿದ್ದ ಒಂದೇ ಪದಾರ್ಥವೆಂದರೆ ಭೀಮಮ್ಮನ ಎಣ್ಣೆಗಾಯಿ.

ಭೀಮಮ್ಮ ರಾಯಚೂರಿನ ಕಡೆಯವಳು, ಈಗ ಡೊಂಬಿವಲಿಯಲ್ಲಿ ಮನೆ. ಅಂಬರನಾಥದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ. ಗಂಡ ಮಾಪಣ್ಣ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದವನು, ಎರಡು ತಿಂಗಳ ಹಿಂದೆ ಕಾಲಿನ ಮೇಲೆ ತಗಡು ಬಿದ್ದು ಮನೆಯಲ್ಲಿ ಮಲಗಿದ್ದಾನೆ. ಕ್ಯಾಂಟೀನಿನವರು ಸೋಮವಾರವೇ ಹೇಳಿಬಿಟ್ಟಿದ್ದರು: ಪೊಲೀಸ್ ಕೇಸಾದರೆ ಗೇಟಿನ ಹತ್ತಿರವೂ ಬರಬೇಡ. ಅಡುಗೆಯವಳ ಹೆಸರಿಗೆ ವಿಷದ ಮಾತು ಅಂಟಿದ ಮೇಲೆ ಇನ್ನೊಬ್ಬರು ಕೆಲಸ ಕೊಡುತ್ತಾರೆಯೇ?

ಮಂಡಳಿಗೆ ಅವಳನ್ನು ಸೇರಿಸಿದ್ದು ಜಲಜಾಕ್ಷಿ. ಪಟ್ಟಿಯಲ್ಲಿ ಅವಳ ಹೆಸರು ಬರೆದದ್ದೂ ಜಲಜಾಕ್ಷಿ. ಅಷ್ಟು ಮಾಡಿ ಊಟದ ದಿನ ತಾನು ಕಲ್ಯಾಣದಲ್ಲಿ ಅಕ್ಕನ ಮಗನ ಗೃಹಪ್ರವೇಶಕ್ಕೆ ಹೋಗಿ ಕೂತಿದ್ದಳು. ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು.

"ಇನ್ನೊಮ್ಮೆ ಹೇಳು. ತುಂಬಿಸಿದ್ದು ಹೇಗೆ?"

"ಎಷ್ಟ ಸಲ ಹೇಳ್ಲಿರಿ? ಮುಂಜಾನಿ ಮಾಡಿ, ಪರಾತದಾಗ ಹರವಿ ಪೂರಾ ಆರಿಸೀನಿ. ಬಿಸಿ ಇದ್ದಾಗ ಮುಚ್ಚಳ ಹಾಕಿದ್ರ ಒಳಗ ಬೆವರತದ, ಬೆವತ್ರ ಹಳಸತದ. ಆರಿದ ಮ್ಯಾಲ ಡಬ್ಬಿಗಿ ತುಂಬಿ, ಮ್ಯಾಲ ಎಣ್ಣಿ ನಿಲ್ಲಂಗ ಒತ್ತೀನಿ. ಮಾಪಣ್ಣನ ಹಳೇ ಧೋತರದಾಗ ಕಟ್ಟಿ ಒಂಬತ್ತಕ್ಕ ಗಾಡಿಗಿ ಕೊಟ್ಟೀನ್ರಿ."

ಗಾಡಿ ಎಂದರೆ ಕುಶಲನ ಕಾರು. ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕ್, ರೈಲಿರಲಿಲ್ಲ. ಸಾರು ಪಾಯಸಗಳನ್ನು ಹಿಡಿದುಕೊಂಡು ಹೆಂಗಸರು ಒದ್ದಾಡುವುದು ಬೇಡವೆಂದು ಮಂಡಳಿಯ ಅಧ್ಯಕ್ಷೆ, ಈಗ ದೂರು ಕೊಡಹೊರಟ ವಸಂತಕುಮಾರನ ಹೆಂಡತಿ ಜಯಲತಾ ತನ್ನ ಅಣ್ಣನ ಮಗನನ್ನೇ ಕಾರಿನೊಂದಿಗೆ ಕಳಿಸಿದ್ದಳು. ಡೊಂಬಿವಲಿಯ ಮನೆಗಳ ಪಾತ್ರೆಗಳೆಲ್ಲ ಅದರಲ್ಲೇ ಹೋದವು. ಜನ ಆಮೇಲೆ ಬಸ್ಸಿನಲ್ಲಿ ಹೋದರು.

ಜಲಜಾಕ್ಷಿ ಮೊಬೈಲ್ ತೆಗೆದು ಮಂಡಳಿಯ ವಾಟ್ಸಾಪ್ ಗುಂಪನ್ನು ಕೆದಕಿದಳು. ಜಯಲತಾಳ ಮಗಳು ನಿಕಿತಾ ಊಟಕ್ಕೆ ಮುಂಚೆ ಮೇಜಿನ ಫೋಟೋ ಹಾಕಿದ್ದಳು. ಎಲ್ಲ ಪಾತ್ರೆಗಳೂ ಕಟ್ಟಿದ್ದಂತೆಯೇ ಸಾಲಾಗಿ ನಿಂತಿವೆ. ಬಿಳಿ ಧೋತರದ ಗಂಟನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

ಗಂಟು ಒಂದೇ. ಇದ್ದಿಲೂ ಇಲ್ಲ, ಮೆಣಸಿನಕಾಯಿಯೂ ಇಲ್ಲ.

"ನೋಡಿಲ್ಲಿ. ಇದು ನೀನು ಕಟ್ಟಿದ್ದಾ?"

ಭೀಮಮ್ಮ ಮೊಬೈಲನ್ನು ಮೂಗಿನ ಹತ್ತಿರ ಹಿಡಿದಳು. ಅವಳ ಮುಖದಲ್ಲಿ ಎರಡು ದಿನಗಳಿಂದ ಇಲ್ಲದ ಬಣ್ಣ ಬಂತು. "ಅಯ್ಯ ಶಿವನೆ! ಯಾರೋ ಬಿಚ್ಯಾರ್ರಿ ಅಕ್ಕಾರ! ಮೇಜಿಗಿ ಬರೂ ಮುಂಚೇನೇ ಬಿಚ್ಯಾರ!"

ಮೂವತ್ತೊಂದು ವರ್ಷ ಸೆಂಟ್ರಲ್ ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು ಜಲಜಾಕ್ಷಿ. ಟಿಕೆಟ್ ಇಲ್ಲದವರು ಹೇಳುವ ಕತೆಗಳನ್ನು ಕೇಳಿ ಕೇಳಿ, ಯಾರು ಯಾವ ಮಾತನ್ನು ನುಂಗಿದರೂ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಭೀಮಮ್ಮ ಏನನ್ನೂ ನುಂಗಿಲ್ಲ. ಹಾಗಾದರೆ ನುಂಗಿದವರು ಯಾರು?

ಕೈಯಲ್ಲಿದ್ದ ಮೊಬೈಲ್ ಹೊಡೆದುಕೊಂಡಿತು. ಗಂಡ ಮೋಹನದಾಸ.

"ಎಲ್ಲಿದ್ದೀ?"

"ಥಾಣೆ ಮಾರ್ಕೆಟ್ಟಿನಲ್ಲಿ. ಸಂಜೆಗೆ ಬರ್ತೇನೆ."

"ಆ ಎಣ್ಣೆಗಾಯಿ ಪಂಚಾಯಿತಿಗೆ ಹೋಗ್ಲಿಲ್ಲ ಅಲ್ವಾ? ಬೆಳಿಗ್ಗೆಯೇ ಹೇಳಿದ್ದೇನೆ, ನಮಗೆ ಯಾಕೆ ಊರ ಉಸಾಬರಿ?"

"ಇಲ್ಲ ಮಾರ್ರೆ, ಇಡಿ ಫೋನು."

ಮದುವೆಯಾದ ಮೂವತ್ತೈದು ವರ್ಷಗಳಲ್ಲಿ ಇದೇನೂ ಮೊದಲನೆಯ ಸುಳ್ಳಲ್ಲ. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸಿ, ಈಗ ಮನೆಯಲ್ಲೇ ಕೂತ ಮನುಷ್ಯ. ಹೆಂಡತಿ ಪತ್ತೇದಾರಿಗೆ ಹೊರಟಳೆಂದರೆ ಗಳಿಗೆಗೊಮ್ಮೆ ಫೋನ್ ಮಾಡುತ್ತಿದ್ದ.

ಅವಳು ತಡಮಾಡದೆ ಕುಶಲನಿಗೆ ಫೋನ್ ಹಚ್ಚಿದಳು. ಇಲ್ಲೇ ಹುಟ್ಟಿ ಬೆಳೆದ ಇಪ್ಪತ್ತೆಂಟರ ಗಂಡಸು. ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಹಿಂದಿ; ಸೋದರತ್ತೆ ಜಯಲತಾ ಅವನಿಗೆ 'ಬುವಾ'.

"ಕುಶಲಾ, ಭಾನುವಾರ ದಾರಿಯಲ್ಲಿ ಕಾರು ಎಲ್ಲಿಯಾದರೂ ನಿಲ್ಲಿಸಿದ್ದಿಯಾ?"

"ನಹೀ ಆಂಟಿ. ಸೀದಾ ಬುವಾ ಕೆ ಘರ್. ಸಾಡೇದಸ್ ಬಜೇ ಎಲ್ಲ ಪಾತ್ರೆ ಉಪರ್ ಕಿಚನ್ ಮೇ ಇಟ್ಟೆ."

"ಎಲ್ಲ ಎಂದರೆ ಎಷ್ಟು?"

"ಸಾತ್."

ಜಲಜಾಕ್ಷಿಯ ಬೆನ್ನು ನೆಟ್ಟಗಾಯಿತು. ಪಟ್ಟಿ ಬರೆದದ್ದು ಅವಳೇ. ಡೊಂಬಿವಲಿಯಿಂದ ಆರು ಮನೆ, ಆರು ಪಾತ್ರೆ. "ಏಳನೆಯದು ಯಾರದ್ದು?"

ಆ ಕಡೆ ಬಾಗಿಲು ಹಾಕಿಕೊಂಡ ಸದ್ದಾಯಿತು.

"ಕುಶಲಾ, ಕೇಳ್ತಾ ಉಂಟಾ? ಎಂಥ ಪಾತ್ರೆ ಅದು?"

"ಹಾಟ್‌ಕೇಸ್ ಥಾ. ಬಡಾ ವಾಲಾ. ಆಂಟಿ, ಪ್ಲೀಸ್... ಆಪ್ ಮುಝ್‌ಸೇ ಮತ್ ಪೂಛೋ. ಬುವಾ ಕೋ ಪೂಛೋ." ತನ್ನನ್ನು ಕೇಳಬೇಡಿ, ಅತ್ತೆಯನ್ನೇ ಕೇಳಿ ಎಂದವನೇ ಫೋನ್ ಕಟ್ ಮಾಡಿದ. ಮತ್ತೆ ಮಾಡಿದರೆ ಸ್ವಿಚ್ ಆಫ್.

ಹೆದರಿದ ದನಿಯಲ್ಲ ಅದು, ನಾಚಿಕೆಪಟ್ಟುಕೊಂಡ ದನಿ. ಅವನಿಗೆ ತನ್ನ ಹತ್ತಿರ ಎಂಥ ನಾಚಿಕೆ? ಜಲಜಾಕ್ಷಿಗೆ ಬಗೆಹರಿಯಲಿಲ್ಲ. ಜುಯಿನಗರ ಬಂತು, ನೆರೂಳ್ ಬಂತು. ಬೇಲಾಪುರದಲ್ಲಿ ಗಾಡಿ ಸುಮ್ಮನೆ ಆರು ನಿಮಿಷ ನಿಂತಾಗ ಅವಳು ಎದ್ದು ಬಾಗಿಲಿಗೂ ಸೀಟಿಗೂ ನಾಲ್ಕು ಸಲ ಓಡಾಡಿದಳು.

"ಕೂಡ್ರಿ ಅಕ್ಕಾರ. ನಿಮ್ಮನ್ನ ನೋಡಿದ್ರ ನನ್ನ ಜೀವ ಇನ್ನಾಟು ಹಾರತದ," ಎಂದಳು ಭೀಮಮ್ಮ.

ಖಾರಘರದಲ್ಲಿ ಇಳಿದು ಆಟೋ ಹಿಡಿದು ಜಯಲತಾಳ ಬಾಗಿಲು ತಟ್ಟಿದಾಗ ಗಂಟೆ ನಾಲ್ಕೂ ಹತ್ತು.

"ಜಲಜಕ್ಕಾ! ಒಂದು ಫೋನ್ ಮಾಡಬಾರದಿತ್ತಾ..." ಎನ್ನುತ್ತ ನಗೆ ತಂದುಕೊಂಡ ಜಯಲತಾ ಹಿಂದೆ ನಿಂತಿದ್ದ ಭೀಮಮ್ಮನನ್ನು ಕಂಡಳು. ನಗೆ ಅಲ್ಲಿಗೇ ನಿಂತಿತು. "ಇವಳನ್ನು ಯಾಕೆ ಕರ್ಕೊಂಡು ಬಂದ್ರಿ? ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದಾರೆ. ಅತ್ತೆ ಇನ್ನೂ ಐಸಿಯುನಲ್ಲೇ ಇದ್ದಾರೆ. ಇವರು ಬಂದು ನೋಡಿದರೆ ಕೊಂದೇಬಿಡ್ತಾರೆ."

"ವಸಂತಕುಮಾರ ಬರುವುದರೊಳಗೆ ಹೋಗ್ತೇವೆ. ಡಬ್ಬಿ ತೋರಿಸು."

"ಪೊಲೀಸರು ಬರುವವರೆಗೆ ಮುಟ್ಟಬಾರದು ಅಂದಿದ್ದಾರೆ."

"ಮುಟ್ಟುವವರು ಯಾರು? ನೋಡುವುದು. ಡಬ್ಬಿಯ ಯಜಮಾನ್ತಿ ಇಲ್ಲೇ ಉಂಟಲ್ಲ."

ಜಲಜಾಕ್ಷಿ ಒಪ್ಪಿಗೆಗೆ ಕಾಯಲಿಲ್ಲ. ಅಡುಗೆಮನೆಯ ದಾರಿ ಅವಳಿಗೆ ಗೊತ್ತಿದ್ದದ್ದೇ. ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸ್ಟೀಲಿನ ಡಬ್ಬಿ ಕೂತಿತ್ತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ಅಕ್ಷರ: ಭೀಮಮ್ಮ ಮಾಪಣ್ಣ. ಚೀಲದ ಮೇಲಿಂದಲೇ ಹಿಡಿದು ಮುಚ್ಚಳ ಸರಿಸಿದಳು. ಹುಳಿ ನಾತ ಗಪ್ಪೆಂದು ಮೂಗಿಗೆ ಹೊಡೆಯಿತು.

ಭೀಮಮ್ಮ ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು.

"ಅಕ್ಕಾರ, ಡಬ್ಬಿ ನಂದ. ಪಲ್ಯ ನಂದಲ್ಲ."

"ಎರಡು ದಿನ ಆದ ಮೇಲೆ ಯಾರು ಏನು ಬೇಕಾದರೂ ಹೇಳಬಹುದು," ಎಂದಳು ಜಯಲತಾ ಥಟ್ಟನೆ.

"ಬಾಯಾರ, ಕಣ್ಣ ಬಿಟ್ಟು ನೋಡ್ರಿ! ಇದರಾಗ ಹಸಿ ಟೆಂಗಿನಕಾಯಿ ರುಬ್ಬಿ ಹಾಕ್ಯಾರ. ನಮ್ಮ ಕಡಿ ಎಣ್ಣಿಗಾಯಿಗಿ ಶೇಂಗಾ, ಎಳ್ಳು, ಗುರೆಳ್ಳು. ಹಸಿಕಾಯಿ ಹಾಕಿ ನಾ ಹುಟ್ಟಿದಾಗಿಂದ ಎಣ್ಣಿಗಾಯಿ ಮಾಡಿಲ್ಲ. ಊರ ಪ್ರವಾಸಕ್ಕ ಕಟ್ಟೂ ಪಲ್ಯಾಕ ಯಾರರ ಹಸಿಕಾಯಿ ಹಾಕ್ತಾರೇನ್ರಿ?"

ಹಾಕುವವರು ಯಾರೆಂದು ಜಲಜಾಕ್ಷಿಗೆ ಹೇಳಿಕೊಡಬೇಕಾಗಿರಲಿಲ್ಲ. ತೆಂಗಿನಕಾಯಿ ಇಲ್ಲದೆ ಒಗ್ಗರಣೆಯ ಸೌಟನ್ನೇ ಮುಟ್ಟದವರು ತಾವು, ಉಡುಪಿ ಮಂಗಳೂರಿನವರು. ಬೇರೆಯವರ ಎಣ್ಣೆಗಾಯಿಯ ವೇಷ ಹಾಕಿಸಲು ಹೊರಟರೂ ಕೈ ತನ್ನಷ್ಟಕ್ಕೆ ತುರಿಮಣೆಗೆ ಹೋಗುತ್ತದೆ.

ಅವಳು ಮೊಬೈಲಿನ ಫೋಟೋವನ್ನು ಜಯಲತಾಳ ಮುಂದೆ ಹಿಡಿದಳು.

"ಇವಳು ಎರಡು ಗಂಟು ಹಾಕಿ ನಡುವೆ ಇದ್ದಿಲು ಇಟ್ಟಿದ್ದಳು. ಇಲ್ಲಿ ಒಂದೇ ಗಂಟು, ಇದ್ದಿಲು ಮಾಯ. ಕುಶಲ ದಾರಿಯಲ್ಲಿ ನಿಲ್ಲಿಸಲಿಲ್ಲ. ಹತ್ತೂವರೆಯಿಂದ ಊಟದವರೆಗೆ ಡಬ್ಬಿ ಇದ್ದದ್ದು ಈ ಅಡುಗೆಮನೆಯಲ್ಲಿ. ಡೊಂಬಿವಲಿಯಿಂದ ಬಂದ ಪಾತ್ರೆ ಏಳು, ಫೋಟೋದಲ್ಲಿ ಅವುಗಳಲ್ಲಿ ಆರೇ ಇವೆ. ಹೇಳು ಜಯಲತಾ, ಏಳನೆಯ ಹಾಟ್‌ಕೇಸ್ ಎಲ್ಲಿ?"

"ನನಗೆ ಗೊತ್ತಿಲ್ಲ."

"ನನ್ನ ಮುಖ ನೋಡಿ ಹೇಳು."

"ಜಲಜಕ್ಕ, ನೀವು ನಮ್ಮವರಾಗಿ ನನ್ನನ್ನು ಹೀಗೆ..."

"ನಮ್ಮವರು ನಿಮ್ಮವರು ಆಮೇಲೆ! ಐದು ಗಂಟೆಗೆ ಇವಳ ಬದುಕು ಮುಗೀತದೆ. ಹೇಳ್ತೀಯೋ ಇಲ್ಲವೋ?"

ಜಯಲತಾ ಊಟದ ಮೇಜಿನ ಕುರ್ಚಿಯಲ್ಲಿ ಧೊಪ್ಪನೆ ಕೂತಳು. ಕಿಟಕಿಯಾಚೆ ಗುಡ್ಡ ಬಿಸಿಲಿಗೆ ಬೂದುಬಣ್ಣವಾಗಿತ್ತು. ಅವಳು ಅಳಲು ಶುರುಮಾಡಿದ ಮೇಲೆಯೇ ಮಾತು ಹೊರಬಂದದ್ದು.

"ಲಿಸ್ಟಿನಲ್ಲಿ ಹೆಸರು ಹಾಕಿದ್ದು ನೀವು. ಬೇಡ ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ. ನಿಕಿತಾಳನ್ನು ಒಪ್ಪಿದ ಗಂಡಿನ ಮನೆಯವರು ಊಟಕ್ಕೆ ಬರುವವರಿದ್ದರು. ಅತ್ತೆ ಲಿಸ್ಟ್ ಓದಿ, ಇದು ಯಾರ ಕೈಯಡುಗೆ ಅಂತ ಕೇಳಿದರು. ಬೀಗರೂ ಅದನ್ನೇ ಕೇಳಿದರೆ ಏನು ಹೇಳುವುದು? ಅದಕ್ಕೇ... ಡಬ್ಬಿ ಇವಳದ್ದೇ ಇರಲಿ, ಒಳಗಿನದು ಮಾತ್ರ ಬದಲಿಸಿಬಿಡುವಾ ಅಂತ. ಯಾರ ಮನಸ್ಸೂ ನೋಯುವುದಿಲ್ಲ ಅಂದುಕೊಂಡೆ."

"ನನ್ನ ಪಲ್ಯ ಏನ ಮಾಡಿದ್ರಿ?" ಭೀಮಮ್ಮನ ದನಿ ಮೆಲ್ಲಗಿತ್ತು.

"ಕೆಳಗೆ ವಾಚ್‌ಮನ್‌ಗಳಿಗೆ ಕೊಟ್ಟೆ. ಮೂರು ಜನ ತಿಂದರು."

"ಅವರಿಗೇನರ ಆತೇನ್ರಿ?"

ಜಯಲತಾ ತಲೆ ತಗ್ಗಿಸಿ ಅಲ್ಲಾಡಿಸಿದಳು. "ಏನೂ ಆಗಲಿಲ್ಲ. ಬಹಳ ರುಚಿಯಾಗಿತ್ತು ಅಂದರು. ಅತ್ತೆಗೆ ಗುಟ್ಟು ಹೇಳಿದ್ದೆ. ಇದು ನಮ್ಮವರದ್ದೇ, ಧೈರ್ಯವಾಗಿ ತಿನ್ನಿ ಅಂತ ನಾನೇ ಎರಡು ಸಲ ಬಡಿಸಿದೆ, ಜಲಜಕ್ಕ. ನನ್ನ ಕೈಯಾರೆ ಬಡಿಸಿದೆ."

ಬಿಕ್ಕುತ್ತಿದ್ದವಳನ್ನು ನೋಡಿ ಜಲಜಾಕ್ಷಿಗೆ ಕನಿಕರವೂ ಬಂತು, ಕೆನ್ನೆಗೆ ಒಂದು ಬಿಡಬೇಕೆಂಬ ಸಿಟ್ಟೂ ಬಂತು. ಮಾತಾಡಿದ್ದು ಭೀಮಮ್ಮ.

"ಹೆಸರ ಓದಿದ ಕೂಡ್ಲೇ ಜಾತಿ ಗೊತ್ತಾತೇನ್ರಿ ಬಾಯಾರ? ಆಗ್ಲಿ. ಬ್ಯಾಡಂದಿದ್ರ ನಾ ಮನ್ಯಾಗ ಇರ್ತಿದ್ದೆ, ನನಗೇನು ಊಟಕ್ಕ ಬರಗಾಲ ಇರ್ಲಿಲ್ಲ. ನನ್ನ ಡಬ್ಬ್ಯಾಗ ಬ್ಯಾರೇದು ತುಂಬಿದ್ರಿ. ಜನ ಬಿದ್ದ ಮ್ಯಾಲ ಮುಚ್ಚಳದ ಮ್ಯಾಲಿನ ಹೆಸರ ಹಿಡಿದು ಪೊಲೀಸರ ಹಂತ್ಯಾಕ ಹೊಂಟ್ರಿ. ಉಣ್ಣಾಕ ನನ್ನ ಕೈ ಆಗಂಗಿಲ್ಲ, ಜೇಲಿಗಿ ಹೋಗಾಕ ನನ್ನ ಹೆಸರ ಆಗ್ತದೇನ್ರಿ?"

ಜಯಲತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಈಗ ಅಳುವುದು ಸಾಕು," ಎಂದಳು ಜಲಜಾಕ್ಷಿ. "ವಸಂತಕುಮಾರನಿಗೆ ಫೋನ್ ಮಾಡು. ದೂರು ನಿಲ್ಲಿಸಲಿಕ್ಕೆ ಹೇಳು. ಅದಕ್ಕೆ ಮುಂಚೆ ನನಗೆ ಒಂದೇ ಮಾತು ಬೇಕು. ಆ ಹಾಟ್‌ಕೇಸಿನದು ಮಾಡಿದ್ದು ಯಾರು?"

"ಕೇಳಬೇಡಿ."

"ಯಾರು?"

"ನಿಮ್ಮ ಕಾಲು ಹಿಡೀತೇನೆ, ಜಲಜಕ್ಕ. ಎಲ್ಲ ನನ್ನದೇ ತಪ್ಪು ಅಂತ ಬರೆಸ್ತೇನೆ. ಅದೊಂದು ಕೇಳಬೇಡಿ."

"ಕೆಟ್ಟ ಪಲ್ಯ ಕಳಿಸಿದವರನ್ನು ಬಚ್ಚಿಡ್ತೀಯಲ್ಲ! ಅವರಿಗಾದರೂ ನಾಚಿಕೆ ಬೇಡವಾ? ಹನ್ನೊಂದು ಜನ ಸಾಯಲಿಕ್ಕೆ ಬಿದ್ದಿದ್ದಾರೆ, ಒಂದು ಹೆಂಗಸಿನ ತಲೆಗೆ ಕಟ್ಟಿ ಸುಮ್ಮನೆ ಮನೆಯಲ್ಲಿ ಕೂತಿದ್ದಾರೆ. ಎಂಥ ಜನ ಅವರು? ನಾನು ಹುಡುಕಿಯೇ ಹುಡುಕ್ತೇನೆ. ಹುಡುಕಿ, ಕೈಹಿಡಿದು ಪೊಲೀಸ್ ಸ್ಟೇಷನ್ನಿಗೆ ಎಳೆದುಕೊಂಡು ಹೋಗ್ತೇನೆ!"

ಜಯಲತಾ ಅವಳನ್ನೇ ನೋಡಿದಳು. ಆ ನೋಟದಲ್ಲಿ ಅಂಜಿಕೆಯಿರಲಿಲ್ಲ, ಮರುಕವಿತ್ತು. ಜಲಜಾಕ್ಷಿಗೆ ಅದೇ ಸಹಿಸಲಾಗಲಿಲ್ಲ. ರೈಲಿನಲ್ಲಿ ಕುಶಲನ ದನಿ ಕೇಳಿದಾಗಿನಿಂದ ಒಳಗೆ ಕೊರೆಯುತ್ತಿದ್ದದ್ದು ಈಗ ಇನ್ನೂ ಜೋರಾಗಿ ಕೊರೆಯತೊಡಗಿತು.

ಮೇಜಿನ ಮೇಲಿದ್ದ ಜಯಲತಾಳ ಮೊಬೈಲ್ ಹೊಡೆದುಕೊಂಡಿತು.

ಜಯಲತಾ ಹಾರಿ ಕೈಚಾಚಿದಳು. ಜಲಜಾಕ್ಷಿಯ ಕೈ ಅದಕ್ಕಿಂತ ಮೊದಲು ಹೋಯಿತು. ಪರದೆಯ ಮೇಲೆ ಹೆಸರಿತ್ತು: ಮೋಹನಣ್ಣ. ಕೆಳಗಿನ ನಂಬರು ಅವಳಿಗೆ ಬಾಯಿಪಾಠ.

ಅವಳ ಬೆರಳು ತನ್ನ ಪಾಡಿಗೆ ಫೋನ್ ಎತ್ತಿ ಸ್ಪೀಕರ್ ಒತ್ತಿತು.

"ಜಯಲತಾ, ಡಬ್ಬಿ ತೊಳೆದಾಯ್ತಾ?" ಮೋಹನದಾಸನ ದನಿ ಅಡುಗೆಮನೆಯನ್ನೆಲ್ಲ ತುಂಬಿತು. "ಜಲಜಾ ಥಾಣೆಗೆ ಹೋಗಿದ್ದೇನೆ ಅಂದಳು, ನನಗೆ ನಂಬಿಕೆ ಇಲ್ಲ. ನಿಮ್ಮಲ್ಲಿಗೆ ಬಂದರೂ ಬಂದಾಳು. ಕುಶಲ ತಂದುಕೊಟ್ಟ ಹಾಟ್‌ಕೇಸನ್ನು ನಾನು ಸೋಡಾ ಹಾಕಿ ತಿಕ್ಕಿ ಇಟ್ಟಿದ್ದೇನೆ. ಶನಿವಾರವೇ ಮಾಡಿ, ಅವಳ ಕಣ್ಣಿಗೆ ಬೀಳಬಾರದು ಅಂತ ಫ್ರಿಜ್ಜಿನಲ್ಲಿಡದೆ ಲಾಫ್ಟಿನ ಮೇಲೆ ಹಾಕಿದೆನಲ್ಲ, ಅದೇ ಕೆಟ್ಟದ್ದು. ಬಿಸಿಬಿಸಿ ಮುಚ್ಚಿ ರಾತ್ರಿಯಿಡೀ ಬಿಟ್ಟದ್ದು. ಹೋಟೆಲು ನಡೆಸಿದವನಿಗೆ ಅಷ್ಟು ಬುದ್ಧಿ ಬೇಡವಾ? ಆದದ್ದಾಯ್ತು. ವಸಂತ ಹೇಗೂ ಭೀಮಮ್ಮನ ಹೆಸರು ಬರೆಸ್ತಾನೆ. ಅವಳಿಗೆ ಎಂಥ ಆಗ್ತದೆ? ನಾಲ್ಕು ದಿನ ಬೈಸಿಕೊಳ್ತಾಳೆ, ಆಮೇಲೆ ಬೇರೆ ಕಡೆ ಕೆಲಸ ಹುಡುಕ್ತಾಳೆ. ಹಲೋ? ಕೇಳ್ತಾ ಉಂಟಾ?"

ಶನಿವಾರ ಮಧ್ಯಾಹ್ನ ಜಲಜಾಕ್ಷಿ ಅಕ್ಕನ ಮನೆಗೆ ಉಡುಗೊರೆ ತರಲು ಪೇಟೆಗೆ ಹೋಗಿದ್ದಳು. ಬಂದಾಗ ಮನೆಯಲ್ಲಿ ಅಗರಬತ್ತಿಯ ಪರಿಮಳ ಮೂಗು ಮುಚ್ಚುವಷ್ಟು ಇತ್ತು. ಇವತ್ತೇನು ಇಷ್ಟು ಭಕ್ತಿ ಎಂದು ತಾನೇ ಗಂಡನನ್ನು ಚೇಷ್ಟೆ ಮಾಡಿ ನಕ್ಕಿದ್ದಳು. ಊರವರ ಸುಳ್ಳನ್ನೆಲ್ಲ ಹಿಡಿದವಳಿಗೆ ಮನೆಯೊಳಗಿನದು ಕಾಣಲಿಲ್ಲವಲ್ಲ! ಅವಮಾನದಿಂದ ಅವಳ ಕಿವಿ ಸುಟ್ಟುಹೋದಂತಾಯಿತು.

ಭೀಮಮ್ಮನ ಕಡೆ ನೋಡಲು ಧೈರ್ಯ ಬರಲಿಲ್ಲ.

ಹೊರಬಾಗಿಲಿನ ಚಿಲಕ ತಿರುಗಿತು. ಒಳಗೆ ಬಂದ ವಸಂತಕುಮಾರನ ಕಣ್ಣುಗಳು ಕೆಂಪಗಾಗಿದ್ದವು. ಅವನ ಹಿಂದೆ ಖಾಕಿ ಬಟ್ಟೆಯ ಹವಾಲ್ದಾರ, ಕಂಕುಳಲ್ಲಿ ಫೈಲು.

"ಅಮ್ಮನಿಗೆ ವೆಂಟಿಲೇಟರ್ ಹಾಕಿದರು," ಎಂದ ವಸಂತಕುಮಾರ, ಯಾರಿಗೋ ಎಂಬಂತೆ. ಆಮೇಲೆ ಅವನಿಗೆ ಭೀಮಮ್ಮ ಕಂಡಳು. "ಓಹೋ, ಇಲ್ಲೇ ಬಂದಿದ್ದಾಳೆ! ಹುಡುಕಿಕೊಂಡು ಹೋಗುವ ಕೆಲಸ ತಪ್ಪಿತು."

ಹವಾಲ್ದಾರ ಮೇಜಿನ ಮೇಲೆ ಫೈಲು ಬಿಡಿಸಿ ಪೆನ್ನು ತೆಗೆದ. "ಜೇವಣ ಕೋಣೀ ಬನವಲಂ?" ಅಡುಗೆ ಮಾಡಿದ್ದು ಯಾರು, ಹೆಸರು ಹೇಳಿ ಎಂದು ಎಲ್ಲರನ್ನೂ ಒಂದು ಸುತ್ತು ನೋಡಿದ.

ವಸಂತಕುಮಾರನ ಬೆರಳು ಭೀಮಮ್ಮನ ಕಡೆ ಎದ್ದಿತು. ಜಯಲತಾ ಗೋಡೆಯ ಕಡೆ ಮುಖ ತಿರುಗಿಸಿದಳು.

"ಹಲೋ? ಜಯಲತಾ?" ಎನ್ನುತ್ತಿತ್ತು ಜಲಜಾಕ್ಷಿಯ ಕೈಯಲ್ಲಿದ್ದ ಫೋನು. "ಯಾರಾದರೂ ಬಂದರಾ?"

ಭೀಮಮ್ಮ ಆ ಬೆರಳನ್ನೂ ನೋಡಲಿಲ್ಲ, ಹವಾಲ್ದಾರನನ್ನೂ ನೋಡಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ಜಲಜಾಕ್ಷಿಯ ಎದುರಿಗೆ ನಿಂತಳು.

"ಅಕ್ಕಾರ, ಹೆಸರ ಕೇಳ್ಲಿಕ್ಕತ್ಯಾರ. ನೀವ ಹೇಳ್ರಿ."